ಹಿಂದಿನರ್ಧ ಮೊದಲು ಓದಿದವಳು

ಭದ್ರಾವತಿಯ ಆ ಸಾಲುಮನೆಗಳಲ್ಲಿ ನಡುಗೋಡೆ ಹೆಂಚಿನವರೆಗೆ ಏರುತ್ತಿರಲಿಲ್ಲ. ಹತ್ತು ಮನೆಗೆ ಒಂದೇ ಮಾಡು. ಮನೆಗೂ ಮನೆಗೂ ನಡುವೆ ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚಿನ ಮಣ್ಣಿನ ಗೋಡೆ, ಅದರ ಮೇಲೆ ಬರೀ ಬಯಲು. ಒಬ್ಬರ ಮನೆಯ ಒಗ್ಗರಣೆಗೆ ಮೂರು ಮನೆಯವರು ಸೀನುತ್ತಿದ್ದರು. ಒಬ್ಬರ ಮನೆಯ ಕೂಸು ಅತ್ತರೆ ಕೊನೆಯ ಮನೆಯ ಮುದುಕಿ ಮಲಗಿದಲ್ಲಿಂದಲೇ ಜೋಗುಳ ಶುರುಮಾಡುತ್ತಿದ್ದಳು. ಆದರೆ ಕೇಳಿದ್ದೆಲ್ಲವನ್ನೂ ಕೇಳಿದೆವು ಎಂದು ಯಾರೂ ಒಪ್ಪುತ್ತಿರಲಿಲ್ಲ. ರಾತ್ರಿ ಯಾವ ಮನೆಯಲ್ಲಿ ಏನೇ ಆಗಲಿ, ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಇಡುವಾಗ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿ ಎದ್ದವರೇ. ಅದು ಆ ಸಾಲಿನ ಮರ್ಯಾದೆ.

ನಿಜವಾಗಿ ನಿದ್ದೆ ಇಲ್ಲದವರು ಇಬ್ಬರು. ಆರನೆಯ ಮನೆಯ ಶಕುಂತಲಾಗೆ ಎಂಟು ತಿಂಗಳ ಹೆಣ್ಣು ಕೂಸು. ಹಲ್ಲು ಮೊಳೆಯುವ ಹೊತ್ತು. ಅದು ರಾತ್ರಿ ಗಂಟೆಗೊಮ್ಮೆ ಎದ್ದು, ಸಿಕ್ಕಿದ್ದನ್ನು ಕಚ್ಚಿ, ಅತ್ತು, ತಾಯಿಯ ಸೆರಗು ಹಿಡಿದುಕೊಂಡು ಮತ್ತೆ ಮಲಗುತ್ತಿತ್ತು. ಮಗು ಮಲಗುತ್ತಿತ್ತು, ತಾಯಿಗೆ ಹೋದ ನಿದ್ದೆ ಬರುತ್ತಿರಲಿಲ್ಲ. ಏಳನೆಯ ಮನೆಯ ಜಗದಾಂಬಾಗೆ ಮಕ್ಕಳಿಲ್ಲ. ಗಂಡ ಸುಬ್ಬಪ್ಪ ಯಾವ ಹೊತ್ತಿನಲ್ಲಿ ಕೂದಲು ಹಿಡಿದು ಎಬ್ಬಿಸುತ್ತಾನೋ ಎಂದು ಹನ್ನೊಂದು ವರ್ಷ ಅರೆಗಣ್ಣಿನಲ್ಲಿ ಮಲಗಿ, ಅವನಿಲ್ಲದ ರಾತ್ರಿಯಲ್ಲೂ ಕಣ್ಣು ಮುಚ್ಚುವುದು ಅವಳಿಗೆ ಮರೆತುಹೋಗಿತ್ತು.

ಸುಬ್ಬಪ್ಪ ಊರ ಹೊರಗಿನ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಮೇಸ್ತ್ರಿ. ಶಕುಂತಲಾಳ ಗಂಡ ವೆಂಕಟಾಚಲ ಅದೇ ಶೆಡ್ಡಿನಲ್ಲಿ ಇದ್ದಿಲು ತೂಗಿಸುವ ಗುಮಾಸ್ತ, ಮೇಸ್ತ್ರಿಯ ಕೈಕೆಳಗಿನವನು. ಇಬ್ಬರದೂ ಒಂದೇ ಪಾಳಿ. ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರದಲ್ಲಿ ಹತ್ತು ಗಂಟೆಗೆ ದೊಡ್ಡ ಕಾರ್ಖಾನೆಯ ಕೂಗು ಆಗುತ್ತಿತ್ತು, ಗಂಡಸರು ಹೋಗುತ್ತಿದ್ದರು. ಬೆಳಿಗ್ಗೆ ಆರಕ್ಕೆ ಮತ್ತೆ ಕೂಗು. ಆ ಎರಡು ಕೂಗುಗಳ ನಡುವಿನ ಹೊತ್ತು ಇವರಿಬ್ಬರದು.

ಒಂದು ರಾತ್ರಿ ಶಕುಂತಲಾ ಕೂಸನ್ನು ತಟ್ಟುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂದಿತ್ತು: "ನಿನಗೂ ಬರ್ಲಿಲ್ವೇನೇ?" ಹಾಗೆ ಆರಂಭವಾಯಿತು. ಶಕುಂತಲಾ ಅಕ್ಕಿಯ ಪೆಟ್ಟಿಗೆ ಹತ್ತುತ್ತಿದ್ದಳು, ಆಚೆ ಜಗದಾಂಬಾ ಬೀಸುಕಲ್ಲಿನ ಕಟ್ಟೆ ಹತ್ತುತ್ತಿದ್ದಳು. ಗೋಡೆಯ ಮೇಲೆ ಎರಡು ಮುಖ, ನಡುವೆ ಒಂದು ಬುಡ್ಡಿ ದೀಪ.

ವೆಂಕಟಾಚಲ ಹದಿನೈದು ದಿನಕ್ಕೊಮ್ಮೆ ತಾಯಿಯನ್ನು ನೋಡಲು ಶಿವಮೊಗ್ಗೆಗೆ ಹೋಗುತ್ತಿದ್ದ. ಅಲ್ಲಿಯ ಪೇಟೆಯಲ್ಲಿ ಓದಲು ಕಾದಂಬರಿ ಕೊಡುವ ಅಂಗಡಿಯೊಂದಿತ್ತು. ಹೆಂಡತಿಗೆಂದು ಒಂದು ತರುತ್ತಿದ್ದ, ಮುಂದಿನ ಸಲ ಹೋದಾಗ ತಪ್ಪದೆ ಹಿಂದಿರುಗಿಸಬೇಕು. ಒಂದು ಪುಸ್ತಕ, ಓದುವವರು ಇಬ್ಬರು, ಅದರಲ್ಲಿ ರಾತ್ರಿ ಪಾಳಿ ಒಂದೇ ವಾರ. ದಾರಿ ತೋರಿಸಿದವಳು ಜಗದಾಂಬಾ. ರಟ್ಟಿನೊಳಗಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ ಪುಸ್ತಕವನ್ನು ಎರಡು ಮಾಡಿದಳು. ತಂದ ಮನೆಗೆ ಮುಂದಿನರ್ಧ, ಅವಳಿಗೆ ಹಿಂದಿನರ್ಧ. ಮೂರು ದಿನವಾದ ಮೇಲೆ ಅದಲುಬದಲು. ವಾಪಸು ಕೊಡುವ ಮುಂಚೆ ಗೋಣಿ ಹೊಲಿಯುವ ಸೂಜಿಯಲ್ಲಿ ಅವಳೇ ಹೊಲಿದು ಕೊಡುತ್ತಿದ್ದಳು. ಅಂಗಡಿಯವನಿಗೆ ಈವರೆಗೆ ಗೊತ್ತಾಗಿರಲಿಲ್ಲ. ಹೀಗಾಗಿ ಜಗದಾಂಬಾ ಎಲ್ಲ ಕಾದಂಬರಿಗಳನ್ನೂ ಮದುವೆಯಿಂದಲೋ ಸಾವಿನಿಂದಲೋ ಓದಲು ತೊಡಗಿ, ನಾಯಕಿ ಹುಟ್ಟುವಲ್ಲಿಗೆ ಮುಗಿಸುತ್ತಿದ್ದಳು.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಬೇಸಿಗೆ ಬಹಳ ಜೋರಾಗಿತ್ತು. ರಾತ್ರಿ ಪಾಳಿಯ ವಾರ. ವೆಂಕಟಾಚಲ ತಂದೆಯ ವರ್ಷದ ಕಾರ್ಯಕ್ಕೆಂದು ಎರಡು ದಿನ ರಜ ಹಾಕಿ ಶಿವಮೊಗ್ಗೆಗೆ ಹೋಗಿದ್ದ. ಪುಸ್ತಕ ಹಿಂದಿರುಗಿಸಲು ಇನ್ನೂ ವಾರವಿತ್ತು, ಅದು ಮನೆಯಲ್ಲೇ ಉಳಿದಿತ್ತು. ಕೂಸಿಗೆ ಜ್ವರವಿದ್ದುದರಿಂದ ಶಕುಂತಲಾ ಹೋಗಿರಲಿಲ್ಲ. ಹತ್ತರ ಕೂಗು ಆಗಿ, ಸುಬ್ಬಪ್ಪನ ಚಪ್ಪಲಿಯ ಸದ್ದು ರಸ್ತೆಯ ತಿರುವಿನಲ್ಲಿ ಅಡಗಿದ ಮೇಲೆ ಮಗುವನ್ನು ಮಲಗಿಸಿ, ದೀಪ ಹಿಡಿದು ಪೆಟ್ಟಿಗೆ ಹತ್ತಿದಳು.

"ಅಕ್ಕಾ, ಮುಗೀತು," ಎಂದಳು. "ಕೊನೇ ಪುಟದಲ್ಲಿ ಕಣ್ಣೀರು ತಡೆಯೋಕಾಗಲಿಲ್ಲ. ಮಗೂ ಮೇಲೆಲ್ಲ ಬಿತ್ತು."

"ನಿನ್ನ ಕಣ್ಣೀರಿಗೆ ಏನು ಮಾರಾಯ್ತಿ. ಹೋದ ಪುಸ್ತಕದಲ್ಲಿ ಆಕಳು ಸತ್ತಿದ್ದಕ್ಕೂ ಅತ್ತಿದ್ದೆ."

"ಅದು ಗಬ್ಬದ ಆಕಳು."

"ಸರಿ, ಗಬ್ಬದ ಆಕಳು. ಈಗ ಯಾರು ಸತ್ರು?"

"ಯಾರೂ ಸಾಯಲಿಲ್ಲವಲ್ಲ, ಅದಕ್ಕೇ ಅತ್ತಿದ್ದು. ನಾಯಕಿ ಗಂಡ ಆ ಲಾಯರು ಎಂಥಾ ರಾಕ್ಷಸನಾಗಿದ್ದ. ಆ ಕಾಗದ ಅವಳ ಅಣ್ಣ ಬರೆದಿದ್ದು ಅಂತ ನಿಜ ಗೊತ್ತಾದ ಕೂಡ್ಲೇ ಹೇಗೆ ಕಾಲಿಗೆ ಬಿದ್ದ, ನೋಡಿದ್ರಾ? ಪಾಪ, ಅವನದ್ದೂ ತಪ್ಪು ತಿಳುವಳಿಕೆ."

ಜಗದಾಂಬಾ ಗೋಡೆಯ ಮೇಲೆ ಮೊಣಕೈ ಊರಿದಳು. ದೀಪದ ಬೆಳಕಿನಲ್ಲಿ ಅವಳ ಎಡಗೆನ್ನೆಯ ಹಳೆಯ ಗಾಯ ಚರ್ಮದಲ್ಲಿ ಹೊಲಿಗೆ ಹಾಕಿದಂತೆ ಕಾಣುತ್ತಿತ್ತು.

"ನಾನು ಮೊದಲು ಅದನ್ನೇ ಓದಿದ್ದು," ಎಂದಳು. "ಅಳ್ತಾನೆ, ಕಾಲು ಹಿಡೀತಾನೆ, ಇನ್ನು ಮೇಲೆ ನಿನ್ನ ಮೈ ಮುಟ್ಟಲ್ಲ ಅಂತಾನೆ. ಆಮೇಲೆ ನಿನ್ನ ಅರ್ಧ ಬಂತು. ಅದರಲ್ಲಿ ಕೈಗೆ ಬರೆ ಹಾಕ್ತಾನೆ, ಮಳೇಲಿ ಹೊರಗೆ ತಳ್ತಾನೆ. ನನಗೆ ಕತೆ ಸರಿಯಾಗೇ ಇದೆ ಅನ್ನಿಸ್ತು."

"ಅಯ್ಯೋ ಅಕ್ಕ, ನೀವು ತಿರುಗುಮುರುಗು ಓದಿದ್ದಕ್ಕೆ ಹಾಗಾಯ್ತು."

"ತಿರುಗುಮುರುಗು ಓದಿದವಳು ನೀನು."

ಹಗಲು ಪಾಳಿಯ ವಾರಗಳಲ್ಲಿ ಈ ಗೋಡೆಯಾಚೆಯಿಂದ ಬರುತ್ತಿದ್ದ ಸದ್ದು ಶಕುಂತಲಾಗೆ ಗೊತ್ತಿತ್ತು. ಆಗ ಅವಳು ಕೂಸಿನ ಕಿವಿ ಮುಚ್ಚಿ ಗಟ್ಟಿಯಾಗಿ ಹಾಡು ಹೇಳುತ್ತಿದ್ದಳು. ಗೋಡೆಯ ಮೇಲಿನ ಮಾತಿನಲ್ಲಿ ಅದರ ಪ್ರಸ್ತಾಪ ಯಾವತ್ತೂ ಬಂದಿರಲಿಲ್ಲ. ಇವಳು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಜಗದಾಂಬಾಳೇ ಮಾತು ತಿರುಗಿಸಿದಳು. "ಅದು ಹೋಗ್ಲಿ, ಈ ಬರೆಯೋರಿಗೆ ಬಾವಿ ಬಿಟ್ಟು ಬೇರೆ ಗೊತ್ತೇ ಇಲ್ವಾ? ಹೆಂಗಸಿಗೆ ಕಷ್ಟ ಬಂತು ಅಂದ್ರೆ ಬಾವಿ. ಹೋದ್ಸಲದವಳೂ ಬಾವಿ, ಇವಳೂ ಬಾವಿ ಕಟ್ಟೆ ಹತ್ರ ಹೋಗಿ ನಿಂತ್ಕೋತಾಳೆ. ನಮ್ಮ ಸಾಲಿಗೆ ನಲ್ಲಿ ಹಾಕಿಬಿಟ್ಟಿದಾರೆ. ನಾವೇನು ಮಾಡೋಣ, ಬಿಂದಿಗೇಲಿ ಮುಳುಗೋಣ್ವಾ?"

ಶಕುಂತಲಾಗೆ ನಗು ಬಂತು. ಮಗು ಏಳುತ್ತದೆಂದು ಬಾಯಿಗೆ ಸೆರಗು ಒತ್ತಿಕೊಂಡರೂ ಉಕ್ಕಿ ಬಂತು. ಜಗದಾಂಬಾಳೂ ನಕ್ಕಳು, ಗಂಡಸಿನಂತೆ ಎದೆ ತುಂಬಿ. ಗಂಟೆ ಎರಡಾಗಿತ್ತೋ ಏನೋ.

ಅತ್ತ ಶೆಡ್ಡಿನಲ್ಲಿ ಆ ರಾತ್ರಿ ಒಂದು ಗಂಟೆಗೆ ಕರಗಿದ ಕಬ್ಬಿಣ ತುಂಬಿದ ಬೋಗುಣಿ ಮಗುಚಿ ಒದ್ದೆ ನೆಲಕ್ಕೆ ಚೆಲ್ಲಿತ್ತು. ಕಬ್ಬಿಣ ಸಿಡಿದು ಇಬ್ಬರ ಮೈ ಸುಟ್ಟಿತ್ತು. ಒಬ್ಬನ ಕಣ್ಣು ಹೋಗಿತ್ತು. ನೆಲ ಒದ್ದೆಯಿದೆ ಎಂದು ನೋಡಬೇಕಾದವನು ಮೇಸ್ತ್ರಿ. ಮಾಲೀಕ ಬಂದು ಎಲ್ಲರೆದುರು ಸುಬ್ಬಪ್ಪನ ತಾಯಿಯನ್ನು ಸೇರಿಸಿ ಬೈದು, ಎಲ್ಲರನ್ನೂ ಮನೆಗೆ ಅಟ್ಟಿದ್ದ. ಪಾಳಿಯ ನಡುವೆ ಅಟ್ಟಿದರೆ ಅದಕ್ಕೆ ಕೂಗು ಇರುವುದಿಲ್ಲ. ಕೂಗನ್ನೇ ನಂಬಿ ಕುಳಿತಿದ್ದ ಈ ಇಬ್ಬರು ಹೆಂಗಸರಿಗೆ ಇದು ತಿಳಿಯುವ ದಾರಿ ಇರಲಿಲ್ಲ.

ಸೆಕೆಗೆಂದು ಜಗದಾಂಬಾ ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಬಾಗಿಲು ತೆರೆದ ಸದ್ದು ನಗುವಿನಲ್ಲಿ ಕೇಳಿಸಲಿಲ್ಲ. ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, ಗೋಡೆಯ ತೂತಿನಿಂದ ದಪ್ಪ ಮರದ ಅಗಳಿ ಎಳೆದು ಬಾಗಿಲಿಗೆ ಅಡ್ಡ ಕೂರಿಸಿದ ಸದ್ದು.

"ಯಾರ ಹತ್ರ ನಗ್ತಿದೀಯ?"

ಶಕುಂತಲಾ ಯೋಚಿಸಲಿಲ್ಲ. ಮೈ ತಾನೇ ಕೆಳಗಿಳಿಯಿತು, ಬಾಯಿ ತಾನೇ ದೀಪ ಊದಿತು. ಪರಗಂಡಸಿನ ದನಿ ಕೇಳಿದರೆ ಒಳಸರಿಯುವುದು ಹುಟ್ಟಿದಂದಿನಿಂದ ಬಂದದ್ದು. ಇವನಂತೂ ಗಂಡನ ಮೇಲಿನ ಮೇಸ್ತ್ರಿ. ಕತ್ತಲಲ್ಲಿ ಪೆಟ್ಟಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಉಸಿರು ಹಿಡಿದಳು.

"ಶಕುಂತಲಾ," ಎಂದಳು ಜಗದಾಂಬಾ ಆಚೆ. "ಆಚೆಮನೆ ಶಕುಂತಲಾ ಹತ್ರ."

"ವೆಂಕಟಾಚಲ ರಜ ಹಾಕಿ ಮನೇಲಿದಾನೆ. ಗಂಡ ಮನೇಲಿರ್ತಾ ಅವಳು ಅರ್ಧರಾತ್ರೀಲಿ ಗೋಡೆ ಹತ್ತಿ ನಿನ್ನ ಹತ್ರ ನಗ್ತಾಳಾ?"

"ಅವರು ಊರಿಗೆ ಹೋಗಿದಾರೆ. ಅವಳೇ ಇದ್ದಿದ್ದು."

"ಅವಳಾದ್ರೆ ದೀಪ ಯಾಕೆ ಆರ್ತು? ಏಯ್, ಆಚೆ ಯಾವನಿದ್ದೀಯ, ಮಾತಾಡು."

ಮಾತಾಡಬೇಕು ಎಂದು ಶಕುಂತಲಾಗೆ ಗೊತ್ತಿತ್ತು. ನಾನೇ ಎಂದರೆ ಸಾಕಿತ್ತು. ಅವಳ ಕೈ ಅವಳ ಬಾಯನ್ನು ಮುಚ್ಚಿಕೊಂಡಿತ್ತು, ಯಾರೋ ಬೇರೆಯವರ ಕೈಯಂತೆ.

ಮೊದಲ ಏಟು ಬಿತ್ತು. ಒಲೆಯ ಪಕ್ಕದ ಸೌದೆ ಇರಬೇಕು, ಮೈಗೆ ಬಿದ್ದಾಗ ಒದ್ದೆ ಬಟ್ಟೆ ಒಗೆದ ಸದ್ದು. ಎರಡು. ಮೂರು. ಎಣಿಸಬಾರದು ಎಂದುಕೊಂಡೇ ಎಣಿಸಿದಳು. ನಾಲ್ಕನೆಯದಕ್ಕೆ ಬೀಸುಕಲ್ಲಿನ ಗೂಟ ಮುರಿದ ಸದ್ದು, ಐದನೆಯದಕ್ಕೆ ಏನೂ ಮುರಿಯಲಿಲ್ಲ, ಬರೀ ಒಂದು ಉಸಿರು. "ಯಾವಾಗಿಂದ ನಡೀತಿದೆ ಹೇಳು," ಎನ್ನುತ್ತಿದ್ದ ಸುಬ್ಬಪ್ಪ, ಪ್ರತಿ ಏಟಿಗೆ ಒಂದೊಂದು ಸಲ, ಲೆಕ್ಕ ಒಪ್ಪಿಸುವವನಂತೆ. "ಎಲ್ರೂ ನನ್ನ ನೋಡಿ ನಗೋರೇ. ಅಲ್ಲೂ ನಗ್ತಾರೆ, ಇಲ್ಲೂ ನಗ್ತಾರೆ."

"ಶಕುಂತಲಾ, ಹೇಳೇ," ಎಂದಳು ಜಗದಾಂಬಾ.

ಕೂಗಲಿಲ್ಲ. ಉಪ್ಪು ಕೊಡೇ ಎನ್ನುವಂತೆ ಕೇಳಿದಳು.

ಆಗಲೂ ಶಕುಂತಲಾಗೆ ದನಿ ಬರಲಿಲ್ಲ. ಮತ್ತೆ ಏಟುಗಳು. ಆಮೇಲೆ ಹಿತ್ತಾಳೆಯ ಹಂಡೆಗೆ ತಲೆ ಬಡಿದ ಸದ್ದು. ಹಂಡೆ ಗುಂಯ್ ಎಂದು ಮೊಳಗಿ, ಆ ಮೊಳಗು ಹತ್ತು ಮನೆಗಳ ಮಾಡಿನ ಕೆಳಗೆಲ್ಲ ಓಡಾಡಿ ಅಡಗಿತು. ಆಚೆಯಿಂದ ಹೆಣ್ಣುದನಿ ನಿಂತುಹೋಯಿತು.

"ನಾನೇ ಮೇಸ್ತ್ರಿಗಳೇ," ಎಂದಳು ಶಕುಂತಲಾ. ದನಿ ಒಡೆದು ಬಂತು. "ನಾನೇ ಇದ್ದಿದ್ದು. ನಿಮ್ಮ ದಮ್ಮಯ್ಯ, ಬಿಡಿ."

"ಗಂಡನ್ನ ಉಳಿಸೋಕೆ ಹೇಳ್ತಿದೀಯ."

ಕಡ್ಡಿ ಗೀರಿದಳು, ಎರಡು ಮುರಿದವು, ಮೂರನೆಯದು ಹತ್ತಿತು. ದೀಪ ಹಿಡಿದು ಪೆಟ್ಟಿಗೆ ಹತ್ತಿ ಮುಖ ತೋರಿಸಿದಳು. "ನೋಡಿ. ನಮ್ಮನೇಲಿ ನಾನು, ಕೂಸು, ಇಬ್ರೇ. ಬೇಕಿದ್ರೆ ಬಂದು ನೋಡಿ. ಅವರು ಶಿವಮೊಗ್ಗೆಗೆ ಹೋಗಿದಾರೆ. ನಾವು ಪುಸ್ತಕದ ವಿಷಯ ಮಾತಾಡ್ತಿದ್ವಿ. ಅಲ್ಲೇ ಬಿದ್ದಿದೆ ನೋಡಿ, ನಿಮ್ಮ ಕಾಲ ಹತ್ರ."

ಸುಬ್ಬಪ್ಪ ತಲೆಯೆತ್ತಿದ. ಮುಖವೆಲ್ಲ ಮಸಿ, ಹುಬ್ಬಿನ ಕೂದಲು ಸುಟ್ಟು ಕೆಂಚಾಗಿತ್ತು. ಅವಳನ್ನು ನೋಡಿದ, ಅವಳ ಹಿಂದಿನ ಖಾಲಿ ಮನೆಯನ್ನು ನೋಡಿದ. ಕಾಲ ಹತ್ತಿರದ ಹರಿದ ಹೊಲಿಗೆಯ ಅರ್ಧ ಪುಸ್ತಕವನ್ನು ನೋಡಿದ. ಅವನಿಗೆ ಗೊತ್ತಾಯಿತು. ಗೊತ್ತಾಗಿದ್ದು ಶಕುಂತಲಾಗೆ ಕಂಡಿತು, ಕಣ್ಣಿನಲ್ಲಿ ಅನುಮಾನ ಒಂದಿಷ್ಟೂ ಉಳಿಯಲಿಲ್ಲ. ಮುಗಿಯಿತು, ಇನ್ನು ಸೌದೆ ಕೆಳಗೆ ಬೀಳುತ್ತದೆ ಎಂದುಕೊಂಡಳು.

"ಪುಸ್ತಕಾನಾ," ಎಂದ ಸುಬ್ಬಪ್ಪ. ಬೆರಳು ಬದಲಿಸಿ ಸೌದೆಯನ್ನು ಸರಿಯಾಗಿ ಹಿಡಿದುಕೊಂಡ. ಹಂಡೆಯ ಪಕ್ಕ ಮುದುಡಿ ಬಿದ್ದಿದ್ದವಳ ಮೇಲೆ ಮತ್ತೆ ಎತ್ತಿದ.

ಶಕುಂತಲಾ ಗೋಡೆ ಹತ್ತಿದ್ದು ಹೇಗೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ಬಾಣಂತನ ಮುಗಿದು ಇನ್ನೂ ವರ್ಷವಾಗದ ಮೈ. ಗೋಡೆಯ ತುದಿಯ ಮಣ್ಣು ಉಗುರಿನಡಿ ಕುಸಿದದ್ದು, ಸೀರೆ ಹರಿದದ್ದು, ಆಚೆ ಬೀಸುಕಲ್ಲಿನ ಮೇಲೆ ಬಿದ್ದು ಪಾದ ಹೊರಳಿದ್ದು, ಇಷ್ಟು ಗೊತ್ತು. ಅವನ ಹತ್ತಿರ ಹೋಗಲಿಲ್ಲ. ಕುಂಟುತ್ತ ನೇರ ಬಾಗಿಲಿಗೆ ಹೋದಳು. ಬಾಗಿಲು ತೆರೆದರೆ ಜನ ಬರುತ್ತಾರೆ, ಇಷ್ಟೇ ತಲೆಯಲ್ಲಿದ್ದದ್ದು. ಎರಡೂ ಕೈಯಿಂದ ಅಗಳಿಯನ್ನು ಪೂರ್ತಿ ಹೊರಕ್ಕೆಳೆದು ಬಾಗಿಲು ತೆರೆದಳು.

ಜನ ಆಗಲೇ ಬಂದಿದ್ದರು. ಇಡೀ ಸಾಲು ಅಂಗಳದಲ್ಲಿ ನಿಂತಿತ್ತು. ಮೂರು ಕಂದೀಲು. ಹಗಲು ಪಾಳಿಯ ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು, ಹೆಂಗಸರು ಸೆರಗು ಹೊದ್ದು ನಿಂತಿದ್ದರು. ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಯಾರೋ ಗೆರೆ ಎಳೆದಂತೆ ಎಲ್ಲರೂ ಒಂದೇ ಸಾಲಿನಲ್ಲಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಬನ್ನಿ," ಎಂದಳು ಶಕುಂತಲಾ. "ಸಾಯಿಸ್ತಿದಾರೆ. ಬನ್ನಿ ಒಳಗೆ."

ಸಾಲಿನ ಹಿರಿಯ ನಾಗಯ್ಯ ಕಂದೀಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಗಂಡ ಹೆಂಡ್ತಿ ವಿಷಯ ತಾಯಿ," ಎಂದ ಮೆಲ್ಲಗೆ. "ನೀನು ಹೊರಗೆ ಬಾ. ನಿನಗೆ ಏಟು ಬಿದ್ದೀತು."

ಅವಳ ಬೆನ್ನ ಹಿಂದೆ ಸೌದೆ ಮತ್ತೆ ಬಿದ್ದ ಸದ್ದಾಯಿತು.

ಕೈಯಲ್ಲಿ ಅಗಳಿ ಇತ್ತು. ಮತ್ತಿಮರದ್ದು, ತೋಳುದ್ದ, ತೋಳುದಪ್ಪ. ಅದನ್ನು ಕೆಳಗೆ ಇಡಲು ಅವಳಿಗೆ ನೆನಪಾಗಿರಲಿಲ್ಲ. ತಿರುಗಿದಳು. ಸುಬ್ಬಪ್ಪ ಬಗ್ಗಿದ್ದ, ಬಲಗೈ ಮೇಲಕ್ಕೆತ್ತಿದ್ದ. ಆ ಮೊಣಕೈಗೆ ಹೊಡೆದಳು. ಹಸಿ ಕಬ್ಬು ಮುರಿದ ಸದ್ದಾಗಿ ಸೌದೆ ಅವನ ಕೈಯಿಂದ ಜಾರಿತು. ಅವನು ತಿರುಗಿ ನೋಡಿದ. ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು ಆ ಮುಖದಲ್ಲಿ. ಎಡಗೈಯಿಂದ ಅವಳ ಕುತ್ತಿಗೆ ಹಿಡಿಯಲು ಬಂದ. ಮೊಣಕಾಲಿಗೆ ಹೊಡೆದಳು. ಬಿದ್ದ.

ಬಿದ್ದವನನ್ನು ಬಿಡಬಹುದಿತ್ತು. ಬಿಡಲಿಲ್ಲ. ತವರಿನ ಕಣದಲ್ಲಿ ರಾಗಿತೆನೆ ಬಡಿಯುತ್ತಿದ್ದವಳು ಅವಳು, ಕೈಗೆ ಆ ಓಟ ಗೊತ್ತಿತ್ತು. ಎತ್ತುವಾಗ ಉಸಿರು ಒಳಗೆ, ಇಳಿಸುವಾಗ ಹೊರಗೆ. ಭುಜ, ಬೆನ್ನು, ತೊಡೆ. ತನ್ನ ಕೂಸು ಗೋಡೆಯಾಚೆ ಕಿರುಚಿ ಅಳುತ್ತಿರುವುದು ಕೇಳುತ್ತಿತ್ತು, ಅದು ಯಾರದೋ ಮನೆಯ ಕೂಸು ಅನ್ನಿಸಿತು. ಅವನು ಏನೋ ಹೇಳಿದ, ಅದರ ಮೇಲೂ ಹೊಡೆದಳು. ಅಂಗಳದವರು ಯಾರೂ ಒಳಗೆ ಬರಲಿಲ್ಲ. ಇದಕ್ಕೂ ಬರಲಿಲ್ಲ.

ಜಗದಾಂಬಾ ಹಂಡೆ ಹಿಡಿದುಕೊಂಡು ಎದ್ದು ಕುಳಿತಿದ್ದಳು. ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಿಂದ ನೋಡುತ್ತಿದ್ದಳು. ತಕ್ಷಣ ಸಾಕು ಎನ್ನಲಿಲ್ಲ. ಸ್ವಲ್ಪ ಹೊತ್ತು ನೋಡಿ, ಆಮೇಲೆ ಎಂದಳು: "ಸಾಕು ಶಕುಂತಲಾ. ಸತ್ತುಹೋಗ್ತಾನೆ."

ಕೊನೆಯ ಮನೆಯ ಹುಚ್ಚಮ್ಮಜ್ಜಿ ಆಗ ಒಳಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ರಾತ್ರಿ ಜೋಗುಳ ಹಾಡುತ್ತಿದ್ದವಳು. ಶಕುಂತಲಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಗಳಿ ತೆಗೆದುಕೊಂಡಳು. "ಹೋಗು ಮಗಳೇ," ಎಂದಳು. "ಕೂಸಿಗೆ ಹಾಲು ಕೊಡು. ಮೊದಲು ಕೈ ತೊಳ್ಕೋ."

ಬೆಳಿಗ್ಗೆ ಆರರ ಕೂಗು ಎಂದಿನಂತೆ ಆಯಿತು. ಏಳಕ್ಕೆ ಕಾಂಪೌಂಡರ್ ಬಂದ. ಸುಬ್ಬಪ್ಪನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಬಲಗೈ ಮೂಳೆ ಎರಡು ತುಂಡು, ಮೊಣಕಾಲಿನ ಚಿಪ್ಪು ಬಿರುಕು, ಮೈಯೆಲ್ಲ ಬಾಸುಂಡೆ. ಹೇಗಾಯಿತೆಂದು ಕಾಂಪೌಂಡರ್ ಕೇಳಿದ.

"ಶೆಡ್ಡಲ್ಲಿ," ಎಂದ ಸುಬ್ಬಪ್ಪ ಹಲ್ಲು ಕಚ್ಚಿ. "ಎರಕ ಮಗುಚಿದಾಗ ಬಿದ್ದೆ."

ಎಲ್ಲರೂ ತಲೆಯಾಡಿಸಿದರು. ಇಬ್ಬರು ಸುಟ್ಟ ರಾತ್ರಿ, ಮೇಸ್ತ್ರಿಗೂ ಪೆಟ್ಟಾಯಿತು. ಯಾರೂ ಅನುಮಾನಪಡುವ ಹಾಗಿಲ್ಲ. ನಾಗಯ್ಯ ಆರನೆಯ ಮನೆಯ ಬಾಗಿಲಿಗೆ ಬಂದು, ಪಾದಕ್ಕೆ ಅರಿಶಿನ ಕಟ್ಟಿಕೊಳ್ಳುತ್ತಿದ್ದ ಶಕುಂತಲಾಗೆ ಹೇಳಿದ: "ಹೀಗೇ ಇರ್ಲಿ ತಾಯಿ. ಹೆಂಗಸಿನ ಕೈಲಿ ಹೊಡೆಸ್ಕೊಂಡೆ ಅಂತ ಅವನು ಬಾಯಿ ಬಿಡಲ್ಲ. ನಿನ್ನ ಗಂಡನ ಕೆಲಸ ಉಳೀತು. ಅವಳ ಮಾನಾನೂ ಉಳೀತು. ಸೇವೆ ಮಾಡಿಕೊಂಡಿರ್ತಾಳೆ. ಆ ಕೈ ಕೂಡಿಕೊಳ್ಳೋವರೆಗೂ ಹೊಡೆಯೋಕಂತೂ ಆಗಲ್ಲ." ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕ.

ಕೂಡಿಕೊಳ್ಳಲು ಎಷ್ಟು ದಿನ ಬೇಕು ಎಂದು ಶಕುಂತಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಮ್ಮನ ಕೈ ಮುರಿದಾಗ ಒಂದೂವರೆ ತಿಂಗಳು.

ವೆಂಕಟಾಚಲ ಬೆಳಗಿನ ರೈಲಿಗೆ ಬಂದ. ಕೈಯಲ್ಲಿ ತಿಥಿಯ ವಡೆಯ ಡಬ್ಬಿ. ದಾರಿಯಲ್ಲೇ ಯಾರೋ ಎಲ್ಲ ಹೇಳಿದ್ದರು. ಹೆಂಡತಿಯ ಮುಖ ನೋಡಿ, ಅವಳ ಅಂಗೈಯ ಬೊಕ್ಕೆ ನೋಡಿ, ಮಂಚದ ತುದಿಯಲ್ಲಿ ಕುಳಿತ. ಮೆದು ಮನುಷ್ಯ. ಜೋರಾಗಿ ಮಾತಾಡಿ ಗೊತ್ತಿಲ್ಲದವನು.

"ನಾನು ಹೋಗಿ ಮೇಸ್ತ್ರಿ ಹತ್ರ ತಪ್ಪಾಯ್ತು ಅಂತ ಕೇಳ್ಲಾ?"

"ಕೇಳಬೇಡಿ," ಎಂದಳು. "ಇವಳನ್ನ ಸ್ವಲ್ಪ ಎತ್ಕೊಳ್ಳಿ." ಕೂಸನ್ನು ಅವನ ಕೈಗೆ ಕೊಟ್ಟು ಗೋಡೆ ಹಿಡಿದುಕೊಂಡು ಹೊರಗೆ ನಡೆದಳು.

ಜಗುಲಿಯಲ್ಲಿ ಕಾಂಪೌಂಡರ್ ಸುಬ್ಬಪ್ಪನ ಕೈಗೆ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದ. ಸಾಲಿನವರೆಲ್ಲ ಅಲ್ಲೇ ಇದ್ದರು. ಜಗದಾಂಬಾ ಒಳಬಾಗಿಲ ಕತ್ತಲಲ್ಲಿ ತಲೆಗೆ ಸೀರೆಯ ಚೂರು ಒತ್ತಿ ಹಿಡಿದು ಕುಳಿತಿದ್ದಳು. ಅವಳನ್ನು ನೋಡಲು ಯಾರೂ ಕಾಂಪೌಂಡರನಿಗೆ ಹೇಳಿರಲಿಲ್ಲ.

"ಅವರು ಶೆಡ್ಡಲ್ಲಿ ಬೀಳಲಿಲ್ಲ," ಎಂದಳು ಶಕುಂತಲಾ. "ನಾನು ಹೊಡೆದೆ. ಅಗಳೀಲಿ."

ಯಾರೋ ಕೆಮ್ಮಿದರು. ಸುಬ್ಬಪ್ಪ ಕಣ್ಣು ತೆರೆಯಲಿಲ್ಲ. "ಸುಳ್ಳು," ಎಂದ. "ಹುಚ್ಚು ಹಿಡಿದಿದೆ ಅವಳಿಗೆ."

"ಸುಳ್ಳಾದ್ರೆ ನಿಮ್ಮ ಹೆಂಡ್ತಿ ತಲೆ ಯಾವ ಎರಕದಲ್ಲಿ ಒಡೀತು? ಅವರೂ ಬಂದಿದ್ರಾ ಪಾಳಿಗೆ?" ಒಳಬಾಗಿಲ ಕಡೆ ಕೈ ತೋರಿಸಿದಳು. "ಕಾಂಪೌಂಡರಣ್ಣ, ಒಳಗೆ ನೋಡಿ. ಹಣೆ ಒಡೆದಿದೆ, ಹಲ್ಲು ಹೋಗಿದೆ, ಎಡಗೈ ಕಿರುಬೆರಳು ತಿರುಚಿಕೊಂಡಿದೆ. ಇವರು ಸೌದೇಲಿ ಹೊಡೆದಿದ್ದು. ಇವರೆಲ್ಲ ಅಂಗಳದಲ್ಲಿ ನಿಂತು ಕೇಳಿಸಿಕೊಂಡಿದಾರೆ. ನಾನೂ ಕೇಳಿಸಿಕೊಂಡಿದೀನಿ."

ಕಾಂಪೌಂಡರ್ ಬಟ್ಟೆಯ ತುದಿಯನ್ನು ಹಾಗೇ ಬಿಟ್ಟು ಒಳಗೆ ಬಗ್ಗಿ ನೋಡಿದ. ಆಮೇಲೆ ತನ್ನ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ಅರ್ಧ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಸುಬ್ಬಪ್ಪ ಮಾಡು ನೋಡುತ್ತ ಮಲಗಿದ್ದ.

ತಲೆಗೆ ಐದು ಹೊಲಿಗೆ ಬಿತ್ತು. ಹೊಲಿಯುವಾಗ ಜಗದಾಂಬಾ ಸದ್ದು ಮಾಡಲಿಲ್ಲ. ಮುಗಿದ ಮೇಲೆ ಎದ್ದು, ಹಗ್ಗದ ಮೇಲಿದ್ದ ಎರಡು ಸೀರೆ ತೆಗೆದು ಗಂಟು ಕಟ್ಟಿ ಜಗುಲಿಗೆ ಬಂದಳು.

"ಶಿವಮೊಗ್ಗೆಗೆ ಹೋಗ್ತೀನಿ," ಎಂದಳು ನಾಗಯ್ಯನಿಗೆ. ಮುರಿದ ಹಲ್ಲಿನ ಸಂದಿಯಲ್ಲಿ ಮಾತು ಸೋರುತ್ತಿತ್ತು. "ನಮ್ಮ ಅಕ್ಕ ಭವಾನಿ ಮನೆಗೆ. ವಾಪಸು ಬರಲ್ಲ."

"ಈ ಸ್ಥಿತೀಲಿ ಗಂಡನ್ನ ಬಿಟ್ಟು ಹೋಗ್ತಾರೇನಮ್ಮ," ಎಂದ ನಾಗಯ್ಯ.

"ಈ ಸ್ಥಿತೀಲಿ ಬಿಟ್ರೇನೇ ಹೋಗೋಕಾಗೋದು."

ಸುಬ್ಬಪ್ಪ ಅವಳತ್ತ ನೋಡಲೂ ಇಲ್ಲ. "ಜಗದಾಂಬಾ, ನೀರು," ಎಂದ, ಪ್ರತಿದಿನ ಪಾಳಿಯಿಂದ ಬಂದಾಗ ಹೇಳುವ ಹಾಗೆಯೇ.

ಅವಳ ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ಶಕುಂತಲಾ ಆ ಕೈಯನ್ನೇ ನೋಡುತ್ತ ನಿಂತಳು. ಕೈ ಚೊಂಬನ್ನು ಮುಟ್ಟಿತು, ಅಲ್ಲೇ ಒಂದು ಗಳಿಗೆ ನಿಂತಿತು, ಗಂಟಿಗೆ ಮರಳಿತು. ಜಗದಾಂಬಾ ಮೆಟ್ಟಿಲು ಇಳಿದಳು. ಹುಚ್ಚಮ್ಮಜ್ಜಿ ಗೊಣಗುತ್ತ ಎದ್ದು ನೀರು ತಂದುಕೊಟ್ಟಳು.

ರೈಲು ನಿಲ್ದಾಣದವರೆಗೆ ಶಕುಂತಲಾ ಜೊತೆಗೆ ಹೋದಳು. ಊದಿದ ಪಾದಕ್ಕೆ ಅದು ದೂರವೇ. ಮಗುವನ್ನು ಎತ್ತಿಕೊಂಡು ವೆಂಕಟಾಚಲ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ಎದುರು ಬಂದವರು ಜಗದಾಂಬಾಳ ಮುಖ ನೋಡಿ ರಸ್ತೆಯ ಅಂಚಿಗೆ ಸರಿಯುತ್ತಿದ್ದರು.

ಕಲ್ಲುಬೆಂಚಿನ ಮೇಲೆ ಕುಳಿತ ಮೇಲೆ ಶಕುಂತಲಾ ಹೇಳಿದಳು: "ಅಕ್ಕಾ, ನಾನು ದೀಪ ಆರಿಸದೇ ಇದ್ದಿದ್ರೆ, ಮೊದಲೇ ಮಾತಾಡಿದ್ದಿದ್ರೆ... ಎಂಟು ಏಟು ಆಗೋವರೆಗೂ ಸುಮ್ಮನೆ ಕೂತಿದ್ದೆ."

"ಒಂಬತ್ತು," ಎಂದಳು ಜಗದಾಂಬಾ.

ಶಕುಂತಲಾ ತಲೆ ತಗ್ಗಿಸಿದಳು.

"ಮಾತಾಡಿದ್ರೂ ಹೊಡೀತಿದ್ದ. ನೋಡಿದೆಯಲ್ಲ," ಎಂದಳು ಜಗದಾಂಬಾ. "ಆದ್ರೂ ನಿನ್ನ ಮೇಲೆ ನಂಗೆ ಸಿಟ್ಟಿದೆ. ಎಷ್ಟು ದಿನ ಇರತ್ತೋ ಗೊತ್ತಿಲ್ಲ. ಇರೋಷ್ಟು ದಿನ ಇರ್ಲಿ ಬಿಡು. ಸಿಟ್ಟಿಲ್ಲ ಅಂತ ಸುಳ್ಳು ಹೇಳಿದ್ರೆ ಮುಂದೆ ಸಿಕ್ಕಾಗ ನಿನ್ನ ಮುಖ ನೋಡೋಕಾಗಲ್ಲ."

ರೈಲು ಬಂತು. ಹೆಂಗಸರ ಡಬ್ಬಿ ಹತ್ತಲು ಅವಳಿಗೆ ಕಷ್ಟವಾಯಿತು, ಶಕುಂತಲಾ ಸೊಂಟ ಹಿಡಿದು ಮೇಲಕ್ಕೆ ನೂಕಿದಳು. ಸೀರೆಯ ಕೆಳಗೆ ಪಕ್ಕೆಲುಬು ಕೈಗೆ ಸಿಕ್ಕಿತು. ಒಳಗೆ ಕುಳಿತವಳು ಕಿಟಕಿಯಿಂದ ನೋಡಲಿಲ್ಲ. ಕಂಬಿಗೆ ಹಣೆ ತಾಗದಂತೆ ನಿಧಾನವಾಗಿ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದು ಮಾತ್ರ ಕಂಡಿತು.

ಮನೆಗೆ ಬಂದಾಗ ಅಂಗಳದಲ್ಲಿ ಸಾಲಿನ ಮಾಲೀಕನ ಆಳು ನಿಂತಿದ್ದ. ಸಾಲೂ ಶೆಡ್ಡೂ ಒಬ್ಬನದೇ; ರಾತ್ರಿ ಬೈದಿದ್ದರೂ ಮಾಲೀಕ ಸುಬ್ಬಪ್ಪನ ದಾಯಾದಿ. ಸಂಜೆಯೊಳಗೆ ಆರನೆಯ ಮನೆ ಖಾಲಿಯಾಗಬೇಕಂತೆ, ನಾಳೆಯಿಂದ ವೆಂಕಟಾಚಲ ಇದ್ದಿಲ ತಕ್ಕಡಿಯ ಹತ್ತಿರ ಬರುವುದೂ ಬೇಡವಂತೆ. ಹೇಳಿ ಹೋದ. ನಲ್ಲಿಯ ಹತ್ತಿರದ ಹೆಂಗಸರು ಬಿಂದಿಗೆ ತುಂಬಿ ಹರಿದರೂ ಎತ್ತದೆ ಇತ್ತಲೇ ನೋಡುತ್ತಿದ್ದರು.

ವೆಂಕಟಾಚಲ ಹೆಂಡತಿಯನ್ನು ನೋಡಿದ. "ಎಲ್ಲಿಗೆ ಹೋಗೋದು?" ಎಂದ.

"ನೋಡೋಣ," ಎಂದಳು ಶಕುಂತಲಾ. "ಮೊದಲು ಮಗೂಗೆ ಗಂಜಿ ಆಗ್ಲಿ. ನೀವು ಪಾತ್ರೆ ಇಳಿಸ್ತಿರಿ."

ಬೊಕ್ಕೆ ಒಡೆದ ಅಂಗೈಗೆ ಸೆರಗು ಸುತ್ತಿಕೊಂಡು ಒಲೆ ಹತ್ತಿಸಿದಳು.